ಮಾತಿಲ್ಲದ ಹದಿನೈದು ನಿಮಿಷ

ಲೊಡ ಲೊಡ — ಕಾಯಿ ಒಡೆಯಲು ಬಂದ ಹುಚ್ಚಕ್ಕ ಒಣ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು, ಸದ್ದು ಬಾರದ್ದು ಮತ್ತೆ ಅಟ್ಟಕ್ಕೆ, ಇನ್ನೊಂದು, ಲೊಡ ಲೊಡ, ಶಾಂತಕುಮಾರಿಯ ಮಡಿಲಲ್ಲಿ ಒಂಬತ್ತನೇ ತರಗತಿಯ ವಿಜ್ಞಾನದ ಉತ್ತರಪತ್ರಿಕೆ, ಕೆಂಪು ಪೆನ್ನು ಒಂದೇ ಸಾಲಿನ ಮೇಲೆ ಎಷ್ಟು ಹೊತ್ತಿನಿಂದ ನಿಂತಿದೆ — ಶಬ್ದ ಹರಡಲು ಮಾಧ್ಯಮ ಬೇಕು, ಸರಿ, ಎರಡು ಅಂಕ — ಈ ಸದ್ದನ್ನೇ ಅಲ್ಲವೇ ಹನ್ನೊಂದು ವರ್ಷದ ಹಿಂದೆ ಇದೇ ಅಂಗಳದಲ್ಲಿ ಗಂಡ ಹುಡುಕಿದ್ದು, ತೋಂಟದಾರ್ಯ, ದಂಡಿನಶಿವರದ ಸುತ್ತಮುತ್ತಲಿಗೆಲ್ಲ ಡ್ರಾಮಾ ಮೇಷ್ಟ್ರು, ನಲವತ್ತು ಕಾಯಿ ಅಲ್ಲಾಡಿಸಿ ಒಂದನ್ನು ಆರಿಸಿ, ಟವೆಲಿನಲ್ಲಿ ಸುತ್ತಿ, ಹಾರ್ಮೋನಿಯಂ ಜೊತೆ ರೇಡಿಯೋ ಸ್ಟೇಷನ್ನಿಗೆ ಹೊತ್ತುಕೊಂಡು ಹೋದರು, ರೇಡಿಯೋದವರು ಮೊದಲ ಸಲ ತಮ್ಮ ನಾಟಕಕ್ಕೆ ಹಿನ್ನೆಲೆ ಸಂಗೀತ ಮಾಡಿಕೊಡಿ ಎಂದು ಕೇಳಿದ್ದರು, ನಾಟಕದಲ್ಲೊಬ್ಬ ತಾಯಿ, ತೊಟ್ಟಿಲಲ್ಲಿ ಕೂಸಿನ ಉಸಿರು ನಿಂತಿದೆ ಎಂದು ಅವಳಿಗೆ ತಿಳಿಯುವ ಗಳಿಗೆಗೆ ಮಾತೇ ಇಲ್ಲ, ಎರಡು ನಿಮಿಷ ಇವರ ಸಂಗೀತದ್ದೇ, ಗಿಲಕಿಯ ಬದಲು ಈ ಕಾಯಿ, ಅದರಡಿಯಲ್ಲಿ ಹಾರ್ಮೋನಿಯಂನ ಒಂದೇ ಕೆಳಗಿನ ಸ್ವರ, ಗಿಲಕಿ ಅಂದರೆ ಕಿಣಿಕಿಣಿ ಅನ್ನಬೇಡವೇ ಎಂದಿದ್ದಳು ಶಾಂತಕುಮಾರಿ, ಇದು ಒಳಗೇನೋ ಬಿಟ್ಟುಕೊಂಡಂಗೆ ಕೇಳುಸ್ತದೆ, ಅದುಕ್ಕೇ ಇದು, ಇನ್ನೊಬ್ಬರ ಧಾಟಿ ಒಂದೂ ಇಲ್ಲ ಕಣೇ, ಎಲ್ಲಾ ನಂದೇ, ನಾಚಿಕೊಂಡೇ ಹೇಳಿದ್ದರು. ಪ್ರಸಾರ ಭಾನುವಾರ ಮಧ್ಯಾಹ್ನ, ಅವರಿಗೆ ಹಂದನಕೆರೆಯಲ್ಲಿ ತಾಲೀಮು, ತಪ್ಪಿಸುವಂತಿಲ್ಲ, ನೀನೇ ರೆಕಾರ್ಡ್ ಮಾಡಿಡು ಎಂದು ಬಸ್ಸು ಹತ್ತಿದರು, ಇದ್ದದ್ದು ಒಂದೇ ಕ್ಯಾಸೆಟ್ಟು, ಒಂದು ಪಕ್ಕ ಅತ್ತೆಯ ಸೋಬಾನೆ ಪದ, ಅಳಿಸುವಂತಿಲ್ಲ, ಇನ್ನೊಂದು ಪಕ್ಕ ನಲವತ್ತೈದು ನಿಮಿಷ, ನಾಟಕ ಒಂದು ಗಂಟೆ, ಹದಿನೈದು ನಿಮಿಷ ಹೆಚ್ಚು — ಬಿ.ಎಸ್ಸಿ. ಓದಿದವಳಲ್ಲವೇ, ಲೆಕ್ಕ ಹಾಕಿದಳು, ಮಾತೆಲ್ಲ ಇದ್ದರೆ ನಾಟಕವೆಲ್ಲ ಇದ್ದಂತೆ, ಸೋಸುಕಾಗದದ ಮೇಲೆ ಉಳಿದದ್ದನ್ನು ತೆಗೆದಿಟ್ಟು ಕೆಳಗಿಳಿದದ್ದನ್ನು ಚೆಲ್ಲುವ ಹಾಗೆ, ಮಾತು ನಿಂತು ಸಂಗೀತ ಬಂದಾಗೆಲ್ಲ ಹೆಬ್ಬೆರಳು ಗುಂಡಿ ಒತ್ತಿತು, ಟಕ್, ಟೇಪು ನಿಂತಿತು, ಮಾತು ಬಂದಾಗ ಮತ್ತೆ ಒತ್ತಿತು, ಟಕ್, ಓಡಿತು, ನಾಟಕ ಮುಗಿದಾಗ ಇನ್ನೂ ಅರ್ಧ ನಿಮಿಷದ ಟೇಪು ಉಳಿದಿತ್ತು, ಎಷ್ಟು ಹಿಗ್ಗಿದ್ದಳು. ಅವರು ಬಂದು, ಕಾಲು ತೊಳೆದು, ಟೇಪಿನ ಮುಂದೆ ಕೂತು ಪೂರ್ತಿ ಕೇಳಿದರು, ತಾಯಿ ಹೇಳುತ್ತಾಳೆ ಮಗ ಮಲಗವ್ನೆ ಸದ್ದು ಮಾಡ್ಬ್ಯಾಡಿ, ಟಕ್, ಪಕ್ಕದ ಮನೆಯವಳು ಹೇಳುತ್ತಾಳೆ ಏಳವ್ವ ಮಣ್ಣು ಮಾಡಿ ಬರಾನ, ನಡುವೆ ಕೂಸು ಸಾಯಲೇ ಇಲ್ಲ, ಅವರು ತಲೆ ಎತ್ತಿ ಅವಳನ್ನು ಒಮ್ಮೆ ನೋಡಿದರು, ಆಗ ಗೊತ್ತಾಯಿತು ಅವಳಿಗೆ, ಮಾತೆಲ್ಲಾ ಚೆಂದಾಗ್ ಬಂದವೆ ಕಣೇ, ಅಷ್ಟೇ ಅಂದರು, ಆಮೇಲೂ ಎಂಟು ವರ್ಷ ಬದುಕಿದ್ದರು, ಅದನ್ನು ಇನ್ನೊಮ್ಮೆ ನುಡಿಸಿ ಎಂದು ಅವಳು ಕೇಳಲಿಲ್ಲ, ಕೇಳಿದರೆ ತಾನು ಮಾಡಿದ್ದು ಇಬ್ಬರ ನಡುವೆ ಬಂದು ಕೂರುತ್ತದೆ ಎಂಬ ಭಯ, ಅವರು ಹೋದ ಮೇಲೆ ಸ್ಟೇಷನ್ನಿಗೆ ಬರೆದಳು, ಹಳೆಯ ಸುರುಳಿಗಳ ಮೇಲೆ ಬೇರೆ ಕಾರ್ಯಕ್ರಮ ತುಂಬಿಸಲಾಗಿದೆ ಎಂದು ಉತ್ತರ ಬಂತು, ಈಗ ಉಳಿದದ್ದು ಹತ್ತೊಂಬತ್ತು ಕಡೆ ಬೆರಳು ಗುಂಡಿ ತಲುಪುವಷ್ಟರಲ್ಲಿ ಟೇಪಿಗೆ ಬಿದ್ದ ಸಂಗೀತದ ಚೂರು, ಅರೆಕ್ಷಣ, ಒಂದು ಸ್ವರ ಬಾಯಿ ತೆರೆಯುವಷ್ಟು, ಟಕ್. ಟೀಚ್ರಮ್ಮ, ಹುಚ್ಚಕ್ಕ ಕಾಯಿ ಅಲ್ಲಾಡಿಸುತ್ತಲೇ ಅನ್ನುತ್ತಾಳೆ, ಅವತ್ತು ನಿಮ್ ಕಿಟಕಿ ತಾವ ಕುಂತು ನಾನೂ ಕೇಳಿದ್ದೆ ಕಣ್ರವ್ವ, ಆ ತೊಟ್ಲುದು ಬತ್ತದಲ್ಲ, ಅತ್ತು ಅತ್ತು ಸಾಕಾಗೋಯ್ತು, ಮೇಷ್ಟ್ರು ಹೋದ್ರೂ ಕ್ಯಾಸೆಟ್ನಾಗವ್ರೆ ಬುಡಿ, ಒಂದ್ಸಲ ಹಾಕ್ರವ್ವ, ಅದೊಂದು — ಕಿಟಕಿಯ ಹೊರಗಿದ್ದವಳು ಅತ್ತಿದ್ದಾಳೆ, ಒಳಗಿದ್ದವಳೂ ಅದೇ ಎರಡು ನಿಮಿಷ ಕೇಳಿದ್ದಾಳೆ, ಟೇಪು ನಿಂತರೂ ರೇಡಿಯೋ ನಿಂತಿರಲಿಲ್ಲ, ಆದರೆ ಕಣ್ಣು ಗಡಿಯಾರದ ಸೆಕೆಂಡು ಮುಳ್ಳಿನ ಮೇಲೆ, ಇದು ಯಾವಾಗ ಮುಗಿಯುತ್ತದೆ, ಯಾವಾಗ ಮಾತು ಬರುತ್ತದೆ ಎಂದು ಕಾಯುತ್ತಾ, ಆ ಸ್ವರ ಮೇಲೆ ಹೋಯಿತೇ, ಅಲ್ಲೇ ನಿಂತಿತೇ, ನೆನಪಿಲ್ಲ, ನೆನಪಿರುವುದು ಮುಳ್ಳು, ಗುಂಡಿ, ಲೊಡ ಲೊಡ, ಹಾಕ್ರವ್ವ, ಪೆನ್ನಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಇದೆ, ಉಗುರು ಬೆಳ್ಳಗಾಗಿದೆ, ಎತ್ತಲು ಬರುತ್ತಿಲ್ಲ, ಅವತ್ತು ಗುಂಡಿ ಒತ್ತಿದ ಅದೇ ಹೆಬ್ಬೆರಳು