ತಣ್ಣಗಿದ್ದ ಪೆಟ್ಟಿಗೆ

ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಇಡೀ ದಿನದ ಮದುವೆಯನ್ನು ಒಂದೆರಡು ತಾಸಿಗೆ ಇಳಿಸಬೇಕು. ಆಕಳಿಸಿದವರು, ಮೂಗು ಒರೆಸಿಕೊಂಡವರು, ಬೀಗರ ಕಡೆ ಕೆಟ್ಟ ಮುಖ ಮಾಡಿ ನೋಡಿದವರು, ಎಲ್ಲರನ್ನೂ ಯಾರಿಗೂ ತಿಳಿಯದ ಹಾಗೆ ತೆಗೆದುಹಾಕಬೇಕು. ಇದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ ಸ್ಟುಡಿಯೊದ ಯಜಮಾನರು ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಮನೆಯಲ್ಲೂ ಅದೇ ಹೆಸರು ನಿಂತಿತು. “ನನ್ನ ಮಾತು ಕತ್ತರಿಸಬೇಡ ಅಂತ ಹೇಳಿ ಹೇಳಿ ಸಾಕಾಯ್ತು, ಈಗ ಅದನ್ನೇ ಕಸುಬು ಮಾಡ್ಕೊಂಡಿದ್ದಾಳೆ” ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮನೆಯಲ್ಲಿ ನಗು ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ಮೂಳೆಗೆ ಸರಳು ಹಾಕಿ ಕಳಿಸಿದರು. ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ, ಲಿಫ್ಟು ಇಲ್ಲ. ಕತ್ತರಿಯ ಗಂಡ ಮತ್ತು ಮೈದುನ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಪ್ರತಿ ತಿರುವಿನಲ್ಲೂ ಕೆಳಗಿಳಿಸಿ ಉಸಿರು ಬಿಟ್ಟು, ಮತ್ತೆ ಎತ್ತಿ ಮೇಲೆ ತಂದರು. ಹಿಂದೆ ದಿಂಬು ಹಿಡಿದುಕೊಂಡು ಬರುತ್ತಿದ್ದ ಕತ್ತರಿಗೆ ಅವತ್ತೇ ಒಂದು ಯೋಚನೆ ಹತ್ತಿತು. ಗಂಡ ಸರಕಿನ ಲಾರಿ ಓಡಿಸುವವನು, ವಾರದಲ್ಲಿ ಹೆಚ್ಚಿನ ದಿನ ಹೊರಗೇ. ಮೈದುನನ ಮನೆ ಊರಿನ ಆ ತುದಿ. ಏನಾದರೂ ಆದರೆ ತಾನೊಬ್ಬಳೇ ಇವರನ್ನು ಹೇಗೆ ಇಳಿಸಲಿ? ಯಾರಿಗೂ ಅದನ್ನು ಹೇಳಲಿಲ್ಲ. ಆದರೆ ಅತ್ತೆಯ ಹಾಸಿಗೆ ಬದಲಿಸುವಾಗ, ಚಾದರದ ಎರಡು ಮೂಲೆ ಹಿಡಿದು ಎಳೆದರೆ ಎಷ್ಟು ಭಾರ ಬರಬಹುದು ಎಂದು ಕೈಯಲ್ಲೇ ತೂಗಿ ನೋಡುತ್ತಿದ್ದಳು.

ಹೊಸ ಕಂಪ್ಯೂಟರು ಬಂದದ್ದು ಇದೇ ಸಮಯದಲ್ಲಿ. ಹಳೆಯದು ಆಮೆಗಿಂತ ಕಡೆಯಾಗಿತ್ತು. ಮೈದುನ ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಕಂಪ್ಯೂಟರು ಜೋಡಿಸುವುದನ್ನು ಫೋನಿನಲ್ಲಿ ನೋಡಿ ಕಲಿತಿದ್ದ. “ಅಂಗಡಿಯವರು ಟೋಪಿ ಹಾಕ್ತಾರೆ ಅತ್ತಿಗೆ, ನಾನೇ ಮಾಡ್ಕೊಡ್ತೀನಿ” ಎಂದು ಬಿಡಿಭಾಗಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿ, ಇಡೀ ಭಾನುವಾರ ಕೂತು ಜೋಡಿಸಿದ. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆಗೆ ಬೆಳಕು ಬಂತು. ಅತ್ತೆ ಮಲಗಿದಲ್ಲಿಂದಲೇ “ನನ್ನ ಮಗ ಇಂಜಿನಿಯರ್ ಆಗಬೇಕಿತ್ತು” ಎಂದರು. ಮೈದುನ ಕಿವಿಯವರೆಗೂ ಕೆಂಪಾದ.

ಕೆಲವೇ ದಿನಗಳಲ್ಲಿ ತೊಂದರೆ ಶುರುವಾಯಿತು. ಚಿಕ್ಕ ಪುಟ್ಟ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ತುಂಡುಗಳನ್ನೆಲ್ಲ ಒಂದೇ ಚಿತ್ರವಾಗಿ ಒಟ್ಟುಗೂಡಿಸಲು ಕಂಪ್ಯೂಟರಿಗೆ ಬಿಟ್ಟರೆ, ಅರ್ಧ ದಾರಿಯಲ್ಲಿ ಎಲ್ಲ ತಟ್ಟನೆ ಕಪ್ಪಾಗುತ್ತಿತ್ತು. ಸದ್ದಿಲ್ಲ, ಸೂಚನೆಯಿಲ್ಲ. ಮೈದುನ ಫೋನಿನಲ್ಲೇ ಹೇಳಿಕೊಟ್ಟು ಕಂಪ್ಯೂಟರಿಗೆ ಒಂದು ಸಣ್ಣ ಪ್ರೋಗ್ರಾಂ ಹಾಕಿಸಿದ. ಶಾಖ ಎಷ್ಟಿದೆ ಎಂದು ಪರದೆಯ ಮೂಲೆಯಲ್ಲಿ ಅದು ತೋರಿಸುತ್ತಿತ್ತು. ಕೆಲಸ ಶುರು ಮಾಡಿದ ಕೂಡಲೇ ಅಂಕಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಹಾರಿತು. ‘ಸಿಪಿಯು ೯೯’.

ನೂರಕ್ಕೆ ನೀರು ಕುದಿಯುತ್ತದೆ. ಅವಳಿಗೆ ಗೊತ್ತಿದ್ದ ಮಟ್ಟಿಗೆ ಸಿಪಿಯು ಎಂದರೆ ಮೇಜಿನ ಪಕ್ಕದಲ್ಲಿ ನಿಂತಿದ್ದ ಕಪ್ಪು ಪೆಟ್ಟಿಗೆ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಹೆದರುತ್ತಲೇ ಬೆರಳ ತುದಿಯಿಂದ ಪೆಟ್ಟಿಗೆಯನ್ನು ಮುಟ್ಟಿದಳು. ತಣ್ಣಗಿತ್ತು. ಅಂಗೈ ಇಟ್ಟಳು, ಹಿಂದಿನಿಂದ ಬರುವ ಗಾಳಿಗೆ ಮುಖ ಒಡ್ಡಿದಳು. ಅದೂ ತಣ್ಣಗೇ ಇತ್ತು. ಅವಳ ಭಯ ಇನ್ನೂ ಹೆಚ್ಚಾಯಿತು. ಬಿಸಿ ಕೈಗೆ ಸಿಕ್ಕಿದ್ದರೆ ಎಲ್ಲಿದೆ ಎಂದಾದರೂ ತಿಳಿಯುತ್ತಿತ್ತು.

“ಅದು ಸುಟ್ಟುಹೋಗಲ್ವಾ?” ಎಂದು ಮೈದುನನನ್ನು ಕೇಳಿದಳು.

“ಇಲ್ಲ ಅತ್ತಿಗೆ. ತುಂಬಾ ಬಿಸಿಯಾದ್ರೆ ತಾನೇ ಆಫ್ ಆಗುತ್ತೆ. ಅದಕ್ಕೇ ನಿಮಗೆ ಕಪ್ಪಾಗ್ತಿರೋದು.”

“ಒಂದು ದಿನ ಆಫ್ ಆಗೋದು ಮರೆತರೆ?”

ಅವನು ನಕ್ಕ. “ಅದೇನು ಮನುಷ್ಯನಾ, ಮರೆಯೋಕೆ? ಭಾನುವಾರ ಬಂದು ನೋಡ್ತೀನಿ.”

ಅವಳಿಗೆ ನಗು ಬರಲಿಲ್ಲ. ಕಂಪ್ಯೂಟರು ಇಟ್ಟಿದ್ದ ಕೋಣೆಗೂ ಅತ್ತೆಯ ಕೋಣೆಗೂ ನಡುವೆ ಒಂದೇ ಗೋಡೆ. ಅಂತರ್ಜಾಲದಲ್ಲಿ ವಿಡಿಯೊ ಕೆಲಸದವರ ಒಂದು ಗುಂಪಿತ್ತು, ಅಲ್ಲಿ ಕೇಳಿದಳು. ಒಬ್ಬ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದಿಡಿ ಎಂದ. ಇನ್ನೊಬ್ಬ ತೆಗೆದರೆ ಗಾಳಿ ದಾರಿ ತಪ್ಪುತ್ತದೆ, ಮುಟ್ಟಬೇಡಿ ಎಂದ. ಮತ್ತೊಬ್ಬ ನೀರಿನ ಕೂಲರ್ ಹಾಕಿಸಿ ಎಂದಾಗ, ಕರೆಂಟಿನ ಪೆಟ್ಟಿಗೆಯೊಳಗೆ ನೀರು ಓಡಾಡುವುದನ್ನು ನೆನೆದೇ ಅವಳು ಫೋನು ಕೆಳಗಿಟ್ಟಳು. ಮತ್ತೆ ತೆಗೆದು ನೋಡಿದಾಗ ಯಾರೋ ‘ನನ್ನ ಸ್ನೇಹಿತನ ಮನೆಯಲ್ಲಿ ಹೀಗೇ ಆಗಿ ಕಿಟಕಿ ಪರದೆಗೆಲ್ಲ ಬೆಂಕಿ ಹತ್ತಿತ್ತು’ ಎಂದು ಬರೆದಿದ್ದರು. ನಿಜವೋ ಸುಳ್ಳೋ, ಉಳಿದದ್ದೆಲ್ಲ ಮರೆತು ಅವಳ ತಲೆಯಲ್ಲಿ ಅದೊಂದೇ ಉಳಿಯಿತು.

ಅವಳು ಮುಚ್ಚಳ ತೆಗೆದಳು. ಮೇಜಿನ ಫ್ಯಾನು ತಂದು ಪೆಟ್ಟಿಗೆಯ ಮುಂದಿಟ್ಟಳು. ಅಂಕಿ ಕದಲಲಿಲ್ಲ. ಇತ್ತ ಯಜಮಾನರು ದೊಡ್ಡ ಮದುವೆಯೊಂದರ ಚಿತ್ರಕ್ಕೆ ಅವಸರ ಮಾಡುತ್ತಿದ್ದರು. ಅವಳು ತನ್ನ ಪಾಡು ಹೇಳಿಕೊಂಡಾಗ “ಅಷ್ಟೇ ತಾನೆ?” ಎಂದು ಸ್ಟುಡಿಯೊದಲ್ಲಿದ್ದ ಚಕ್ರದ ಏಸಿಯನ್ನೇ ಕಳಿಸಿಕೊಟ್ಟರು. ಸೊಂಟದೆತ್ತರದ ಬಿಳಿ ಡಬ್ಬ, ಬಿಸಿಗಾಳಿ ಹೊರಹಾಕಲು ಕಿಟಕಿಗೆ ಚಾಚುವ ದಪ್ಪ ಕೊಳವೆ. ಅದನ್ನು ಕಂಪ್ಯೂಟರಿನ ಎದುರು ನಿಲ್ಲಿಸಿದಳು. ಆ ಕೋಣೆಯ ಪ್ಲಗ್ಗುಗಳೆಲ್ಲ ತುಂಬಿದ್ದವು. ಖಾಲಿ ಇದ್ದದ್ದು ಅತ್ತೆಯ ಮಂಚದ ಹಿಂದಿನದೊಂದೇ. ಅಟ್ಟದ ಮೇಲಿದ್ದ ಎಕ್ಸ್‌ಟೆನ್ಷನ್ ಬೋರ್ಡು ತೆಗೆದು, ಅಲ್ಲಿಂದ ವೈರು ಎಳೆದಳು. ವೈರು ಬಹಳ ಉದ್ದವಿತ್ತು. ಮಿಕ್ಕದ್ದನ್ನು ಬಿಗಿಯಾಗಿ ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಅದು ಹೊರಗೆ ಸರಿದು ಗಂಡ ಬಂದಾಗ ಎಡವಬಾರದೆಂದು ಅದರ ಮೇಲೆ ಹಳೆಯ ಕಂಬಳಿಯನ್ನೂ ಮುಚ್ಚಿದಳು.

“ನನಗಿಲ್ಲದ ಏಸಿ ಆ ಡಬ್ಬಕ್ಕೆ” ಎಂದರು ಅತ್ತೆ.

“ನಿಮಗೋಸ್ಕರಾನೇ ಅತ್ತೆ” ಎಂದಳು. ಅದು ನಿಜವೂ ಆಗಿತ್ತು.

ಅವತ್ತು ಮಧ್ಯಾಹ್ನ ಅತ್ತೆಗೆ ಊಟ ಕೊಟ್ಟು, ಮಾತ್ರೆ ನುಂಗಿಸಿ, ಚಿತ್ರ ಒಟ್ಟುಗೂಡಿಸಲು ಬಿಟ್ಟು ಕೂತಳು. ಕೋಣೆ ಹಿಮದಂತೆ ತಣ್ಣಗಾಗಿತ್ತು. ಸ್ವೆಟರು ಹಾಕಿಕೊಂಡು, ಕೈಗಳನ್ನು ತೊಡೆಗಳ ನಡುವೆ ಅಡಗಿಸಿ, ಅಂಕಿಯನ್ನೇ ನೋಡುತ್ತಿದ್ದಳು. ತೊಂಬತ್ತೆಂಟು. ತೊಂಬತ್ತೊಂಬತ್ತು. ಪೆಟ್ಟಿಗೆಯ ತಗಡಿನ ಮೇಲೆ ಕೈಯಿಟ್ಟರೆ ಬೆರಳು ಮರಗಟ್ಟುತ್ತಿತ್ತು, ಆದರೂ ಅಂಕಿ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಈ ಚಳಿಯಲ್ಲೂ ತಣಿಯದಂಥದ್ದು ಒಳಗೆ ಏನಿದೆ ಎಂದು ಅವಳು ಬಗ್ಗಿ ನೋಡಿದಳು.

ಆಗ ವಾಸನೆ ಬಂತು. ಪ್ಲಾಸ್ಟಿಕ್ಕು ಬೇಯುವಂಥ, ಗಂಟಲಿಗೆ ಅಂಟುವ ವಾಸನೆ.

ಎದ್ದವಳೇ ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತಳು. ಪರದೆ ಆರಿತು. ವಾಸನೆ ಹೋಗಲಿಲ್ಲ. ಮೊಣಕಾಲೂರಿ ತೆರೆದ ಪೆಟ್ಟಿಗೆಯೊಳಗೆ ಮೂಗು ತೂರಿಸಿದಳು. ಏಸಿಯ ಗಾಳಿ ಎಲ್ಲವನ್ನೂ ಕಲಸಿಬಿಟ್ಟಿತ್ತು, ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ.

ಗೋಡೆಯ ಆಚೆಯಿಂದ ಅತ್ತೆ ಕೆಮ್ಮಿದರು. “ಏ, ಒಲೆ ಮೇಲೆ ಏನಾದ್ರೂ ಇಟ್ಟು ಮರೆತೆಯಾ?”

“ಇಲ್ಲ ಅತ್ತೆ. ಕಂಪ್ಯೂಟರ್‌ದು. ಹೊರಗೆ ಹಾಕ್ತಿದ್ದೀನಿ, ಹೆದರಬೇಡಿ.”

ಉಳಿದ ವೈರುಗಳನ್ನೂ ಸೆಳೆದು ಬಿಡಿಸಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು ಎತ್ತಿದಳು. ಅದು ಕೈಯಲ್ಲೇ ಹೊತ್ತಿಕೊಂಡರೆ ಎಂದು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ನಡುಮನೆ ದಾಟಿ, ಬಾಲ್ಕನಿಯ ಬಾಗಿಲನ್ನು ಕಾಲಿನಿಂದ ತಳ್ಳಿ, ಮೂಲೆಯಲ್ಲಿಟ್ಟು ಹಿಂದೆ ಸರಿದಳು. ಪೆಟ್ಟಿಗೆ ಬಿಸಿಲಿನಲ್ಲಿ ಸುಮ್ಮನೆ ಕೂತಿತ್ತು. ಹೊಗೆಯಿಲ್ಲ, ಕಿಡಿಯಿಲ್ಲ. ಅವಳು ಉಸಿರು ಬಿಟ್ಟಳು.

“ಕತ್ತರೀ...” ಅತ್ತೆಯ ದನಿ ಈ ಸಲ ತೆಳ್ಳಗೆ ಬಂತು. “ಬೆನ್ನ ಕೆಳಗೆ ಬಿಸಿ.”

ಅವಳು ಓಡಿಬಂದಾಗ ಕೋಣೆಯಲ್ಲಿ ಮೊಣಕಾಲೆತ್ತರಕ್ಕೆ ಬೂದುಬಣ್ಣದ ಹೊಗೆ ಹರಿದಾಡುತ್ತಿತ್ತು. ಮಂಚದ ಕೆಳಗೆ ಕಂಬಳಿಯ ಅಂಚು ಕೆಂಪಗೆ ಮಿನುಗಿ, ನೋಡುತ್ತಿದ್ದಂತೆ ಒಂದು ನಾಲಗೆಯಷ್ಟು ಉರಿ ಮೇಲೆದ್ದು ಹಾಸಿಗೆಯ ತಳವನ್ನು ನೆಕ್ಕಿತು. ಅತ್ತೆ ಮಂಚದ ಸರಳು ಹಿಡಿದು ಏಳಲು ನೋಡುತ್ತಿದ್ದರು, ಏಳಲಾಗುತ್ತಿರಲಿಲ್ಲ. ಅವರ ಕಣ್ಣುಗಳನ್ನು ಅಷ್ಟು ಅಗಲವಾಗಿ ಅವಳು ಎಂದೂ ನೋಡಿರಲಿಲ್ಲ.

ಕೈಗೆ ಸಿಕ್ಕಿದ ನೀರಿನ ತಂಬಿಗೆ ಎತ್ತಿದಳು.

“ನೀರು ಬೇಡ. ಕರೆಂಟು, ಕರೆಂಟು ತೆಗಿ ಮೊದಲು” ಎಂದರು ಅತ್ತೆ, ಕೆಮ್ಮಿನ ನಡುವೆ.

ಮೇನ್ ಸ್ವಿಚ್ಚು ಹೊರಬಾಗಿಲ ಬಳಿ. ಅಲ್ಲಿಗೆ ಓಡಬೇಕೆಂದರೆ ಅತ್ತೆಗೆ ಬೆನ್ನು ಮಾಡಬೇಕು. ಒಂದು ಸಲ ಅತ್ತೆಯನ್ನು ನೋಡಿದಳು. ಆಮೇಲೆ ಓಡಿದಳು, ಸ್ವಿಚ್ಚನ್ನು ಕೆಳಗೆ ಎಳೆದಳು, ಬಾಗಿಲು ತೆರೆದು ಮೆಟ್ಟಿಲ ಕಡೆಗೆ ಒಂದೇ ಸಲ ಕೂಗಿದಳು. ಏನೆಂದು ಕೂಗಿದಳೋ ಅವಳಿಗೇ ನೆನಪಿಲ್ಲ. ಹಿಂದಿರುಗಿ ಬಂದು ಚಾದರದ ಎರಡು ಮೂಲೆಗಳನ್ನು ಅತ್ತೆಯ ತಲೆಯ ಹತ್ತಿರ ಮುಷ್ಟಿಯಲ್ಲಿ ಬಿಗಿದಳು.

“ನೋವಾಗುತ್ತೆ ಅತ್ತೆ.”

“ಎಳಿ.”

ಮಂಚದಿಂದ ನೆಲಕ್ಕೆ ಇಳಿಯುವಾಗ ಅತ್ತೆಯ ಬಾಯಿಂದ ಬಂದ ದನಿ ಮನುಷ್ಯರದ್ದಲ್ಲ ಎನಿಸಿತು. ಅವಳು ನಿಲ್ಲಿಸಲಿಲ್ಲ. ಹಿಮ್ಮುಖವಾಗಿ ಬಾಗಿ, ಹೊಗೆಯಲ್ಲಿ ಕಣ್ಣು ಮುಚ್ಚಿ, ಹೊಸ್ತಿಲು ದಾಟಿಸಿ, ನಡುಮನೆಯುದ್ದಕ್ಕೂ ಎಳೆದು, ಮೆಟ್ಟಿಲ ತಲೆಗೆ ತಂದಳು. ಅಷ್ಟರಲ್ಲಿ ಕೆಳಗಿನ ಮನೆಯ ಕೊಳಲು ಟೀಚರು ಏದುಸಿರು ಬಿಡುತ್ತ ಬಂದರು, ಅವರ ಹಿಂದೆ ಪಾಠಕ್ಕೆ ಬಂದಿದ್ದ ಇಬ್ಬರು ಹೆಂಗಸರು. ಕರೆಂಟು ತೆಗೆದಿದೆಯೇ ಎಂದು ಕೇಳಿಕೊಂಡೇ ಟೀಚರು ಬಚ್ಚಲಿನಿಂದ ಬಕೆಟ್ಟುಗಟ್ಟಲೆ ನೀರು ತಂದು ಸುರಿದರು. ಅಗ್ನಿಶಾಮಕದವರು ಬರುವ ಹೊತ್ತಿಗೆ ಉರಿ ಆರಿತ್ತು. ಅರ್ಧ ಹಾಸಿಗೆ ಕರಿಕಾಗಿತ್ತು. ಮಂಚದ ಕೆಳಗೆ ವೈರಿನ ಸುರುಳಿ ಕರಗಿ ಒಂದೇ ಮುದ್ದೆಯಾಗಿ ನೆಲಕ್ಕೆ ಹತ್ತಿಕೊಂಡಿತ್ತು.

“ಇಷ್ಟು ಸಪೂರ ವೈರಿಗೆ ಏಸಿ ಹಾಕಿದ್ರಾ? ಅದೂ ಸುತ್ತಿ, ಕಂಬಳಿ ಹೊದಿಸಿ?” ಎಂದು ಅಗ್ನಿಶಾಮಕದವರಲ್ಲೊಬ್ಬ ಕೇಳಿದ. ಬೈಗುಳವೇನಲ್ಲ, ಬರೀ ವಿಚಾರಣೆ. ಕತ್ತರಿ ಗೋಡೆ ಹಿಡಿದುಕೊಂಡು ಕೂತುಬಿಟ್ಟಳು.

ಆಸ್ಪತ್ರೆಯಲ್ಲಿ ಅತ್ತೆಯ ಸೊಂಟದ ಸರಳು ಅಲುಗಿಲ್ಲ ಎಂದರು. ಬೆನ್ನಿನಲ್ಲಿ ಅಂಗೈಯಗಲದ ಸುಟ್ಟ ಗಾಯ, ಎದೆಯಲ್ಲಿ ಒಂದಿಷ್ಟು ಹೊಗೆ. ಎರಡು ದಿನ ಇಟ್ಟುಕೊಂಡು ಕಳಿಸಿದರು.

ಅವರು ಮನೆಗೆ ಬಂದ ಸಂಜೆ ಮೈದುನ ಬಾಲ್ಕನಿಯಲ್ಲಿ ಪೆಟ್ಟಿಗೆಯನ್ನು ಮಲಗಿಸಿ ತಿರುಪುಗಳನ್ನು ಬಿಚ್ಚಿದ. ಕತ್ತರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಫ್ಯಾನು ಕಳಚಿದ. ಅದರ ಕೆಳಗೆ ಶಾಖ ಎಳೆದುಕೊಳ್ಳುವ ಲೋಹದ ಗಟ್ಟಿ, ಗಟ್ಟಿಯ ಕೆಳಗೆ ನಾಣ್ಯದಗಲದ ಚೌಕ. ಗಟ್ಟಿಯನ್ನು ಮಗುಚಿ ನೋಡಿದ ಅವನ ಕೈ ಅಲ್ಲೇ ನಿಂತಿತು. ಅದರ ತಳಕ್ಕೆ ತೆಳುವಾದ ಪ್ಲಾಸ್ಟಿಕ್ಕಿನ ಹಾಳೆಯೊಂದು ಅಂಟಿಕೊಂಡಿತ್ತು. ಜೋಡಿಸುವ ಮೊದಲು ಇದನ್ನು ತೆಗೆಯಿರಿ ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಅಚ್ಚಾಗಿತ್ತು.

“ಸಿಪಿಯು ಅಂದ್ರೆ ಈ ಚೌಕ ಅತ್ತಿಗೆ, ಪೆಟ್ಟಿಗೆ ಅಲ್ಲ” ಎಂದ. “ಈ ಹಾಳೆ ಅಡ್ಡ ಇದ್ದು ಇದರ ಬಿಸಿ ಗಟ್ಟಿಗೆ ದಾಟಲೇ ಇಲ್ಲ, ಇಷ್ಟರಲ್ಲೇ ಕೂತಿತ್ತು. ಅದಕ್ಕೇ ಹೊರಗೆಲ್ಲ ತಣ್ಣಗಿದ್ದದ್ದು. ನೀವು ಎಷ್ಟು ಗಾಳಿ ಬೀಸಿದ್ರೂ...” ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಕೂತ. “ಅಮ್ಮನಿಗೆ ಹೇಳ್ತೀರಾ?”

“ನೀನೇ ಹೇಳು.”

ಅವನು ಹೇಳಿದ. ಅತ್ತೆ ಕೇಳಿಸಿಕೊಂಡು, ಗೋಡೆ ಕಡೆಗೆ ಮುಖ ಮಾಡಿ, “ಲೆಕ್ಕ ಬರಿ, ಸಾಕು” ಎಂದರು.

ಹಾಳೆ ತೆಗೆದ ಮೇಲೆ ಅಂಕಿ ಅರವತ್ತೈದರ ಮೇಲೆ ಏರಲಿಲ್ಲ. ಮದುವೆಯ ಚಿತ್ರ ಮುಗಿಯಿತು. ಆದರೆ ಕತ್ತರಿಯ ಭಯ ಇಳಿಯಲಿಲ್ಲ. ಕೆಲಸದ ನಡುವೆ ಎದ್ದುಹೋಗಿ ಮನೆಯ ಪ್ರತಿ ಪ್ಲಗ್ಗಿನ ಮೇಲೂ ಅಂಗೈ ಇಟ್ಟು ನೋಡುತ್ತಿದ್ದಳು. ಹೆದರಬೇಡಿ ಎಂದು ತಾನೇ ಹೇಳಿ, ಅತ್ತೆಯನ್ನು ಉರಿಯ ಮೇಲೆ ಬಿಟ್ಟು, ತಣ್ಣನೆಯ ಪೆಟ್ಟಿಗೆಯನ್ನು ಹೊತ್ತು ನಡೆದದ್ದು ಅವಳಿಗೆ ಮತ್ತೆ ಮತ್ತೆ ಕಾಣುತ್ತಿತ್ತು. ಎಷ್ಟು ಕತ್ತರಿಸಿದರೂ ಆ ತುಂಡು ಹೋಗುತ್ತಿರಲಿಲ್ಲ.

ಒಂದು ಬೆಳಗ್ಗೆ ಹಾಸಿಗೆ ಬದಲಿಸುವಾಗ ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು.

“ನಿನ್ನ ಮೇಜು ಈ ಕೋಣೆಗೇ ತಂದು ಹಾಕ್ಕೊ” ಎಂದರು. “ಒಬ್ಬಳೇ ಮಲಗಿದ್ರೆ ಏನೇನೋ ವಾಸನೆ ಬರುತ್ತೆ ನಂಗೆ.”

“ನಂಗೂ ಬರುತ್ತೆ ಅತ್ತೆ” ಎಂದಳು.

ಮಧ್ಯಾಹ್ನದೊಳಗೆ ಇಬ್ಬರೂ ಸೇರಿ ಮೇಜಿನ ಜಾಗ ಗೊತ್ತು ಮಾಡಿದರು. ಅತ್ತೆ ಮಲಗಿದಲ್ಲಿಂದಲೇ ಕೈ ತೋರಿಸಿ ಹೇಳಿದರು, ಅವಳು ಎಳೆದಳು. ಬಾಗಿಲಿಗೆ ಅಡ್ಡ ಬರದ ಹಾಗೆ, ಮಂಚಕ್ಕೆ ಕೈಯಳತೆಯಲ್ಲಿ.