ಹೋಗಬಾರದಿದ್ದ ಕಪ್ಪು

"ಇವನ್ನ ಯಾರ ತಿಕ್ಕಿದ್ರು ಕಾಕಾ?"

ಸೌಮ್ಯಾಳ ಬಾಯಿಂದ ಬಂದದ್ದು ಅಷ್ಟೇ. ಮಹಾನವಮಿಯ ಖಂಡೆಪೂಜೆಗೆಂದು ಲ್ಯಾಬಿನ ಲೇಸರ್ ಯಂತ್ರದ ಮುಂದೆ ಹಾಸಿದ ಬಾಳೆಲೆಯ ಮೇಲೆ ಅವಳ ಅಲ್ಯೂಮಿನಿಯಂ ಬಿಲ್ಲೆಗಳು ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಫಳಫಳ ಹೊಳೆಯುತ್ತಿದ್ದವು. ನಿನ್ನೆ ಸಂಜೆ ಅವಳು ಸಪ್ತಾಪುರದ ತನ್ನ ಬಾಡಿಗೆ ಕೋಣೆಗೆ ಹೊರಟಾಗ ಅವು ರೊಟ್ಟಿ ಹೆಂಚಿನಷ್ಟು ಕಪ್ಪಗಿದ್ದವು.

"ನಾನ ತಿಕ್ಕೇನ್ರಿ ಅಕ್ಕಾರ," ಎಂದ ಲ್ಯಾಬಿನ ಅಟೆಂಡರ್ ಮಡಿವಾಳಪ್ಪ, ಊದಿನಕಡ್ಡಿ ಹಚ್ಚುತ್ತ. "ಸಾಮಾನೆಲ್ಲಾ ತೊಳದ ಪೂಜಿಗಿ ಇಡಬೇಕಲ್ರಿ. ಇವು ಭಾಳ ಕರ್ರಗಾಗಿದ್ದೂವು. ಬೂದಿ ಹಾಕಿ ಟೆಂಗಿನ ನಾರ್ಲೆ ತಿಕ್ಕಿದೆ. ಎಷ್ಟ ಛಲೋ ಬೆಳಗ್ಯಾವ ನೋಡ್ರಿ."

ಸೌಮ್ಯಾ ಒಂದು ಬಿಲ್ಲೆ ಎತ್ತಿ ನೋಡಿದಳು. ಅದೇನು ಕೊಳೆಯೇ? ನಾಲ್ಕು ವರ್ಷದ ದುಡಿಮೆ. ಹಗುರ ಲೋಹದ ಮೈಯನ್ನು ಲೇಸರಿನಿಂದ ಅರೆಕ್ಷಣ ಕರಗಿಸಿ, ಪಿಂಗಾಣಿಯಂಥ ಪುಡಿ ಬೆರೆಸಿ ಕೂರಿಸಿದ ಗಟ್ಟಿ ಕಪ್ಪು ಪದರ. ಹಬ್ಬ ಮುಗಿದ ಮೂರನೇ ದಿನ ಇದರ ಮೇಲೆಯೇ ಅವಳ ಪಿಎಚ್‌ಡಿ ವೈವಾ. ದಿನಾ ಚಹಾ ತಂದುಕೊಡುವ ಹಿರಿಯ ಎಂಬುದನ್ನೂ ಮರೆತು ಬೈಯಲು ಬಾಯಿ ತೆರೆದಳು.

ತೆರೆದ ಬಾಯಿ ಹಾಗೆಯೇ ಉಳಿಯಿತು.

ಕಪ್ಪು ಹೋದದ್ದಾದರೂ ಹೇಗೆ? ಮರಳು ಹಾಕಿ ಉಜ್ಜಿದರೂ ಈ ಮೈ ಸವೆಯದು ಎಂದು ಪ್ರಬಂಧದಲ್ಲಿ ಬರೆದವಳು ತಾನೇ. ಸವೆತ ಪರೀಕ್ಷಿಸಲು ಉಜ್ಜುವ ಯಂತ್ರಕ್ಕೆ ಕೊಟ್ಟದ್ದು ಒಂದೇ ಒಂದು ಬಿಲ್ಲೆಯನ್ನು. ಅದು ತಡೆದುಕೊಂಡಿತು, ಅಷ್ಟರಲ್ಲಿ ಯಂತ್ರ ಕೆಟ್ಟಿತು, ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಯಿತು. ಯಾರು ನೋಡುತ್ತಾರೆ ಬಿಡು ಎಂದುಕೊಂಡು, ಉಳಿದವೂ ತಡೆದುಕೊಂಡವು ಎಂದು ಬರೆದುಬಿಟ್ಟಿದ್ದಳು.

"ಯಾಕ್ರಿ ಅಕ್ಕಾರ, ತಪ್ಪಾತೇನ್ರಿ?"

"ಎಷ್ಟೊತ್ತ ತಿಕ್ಕಿದ್ರಿ?"

"ಎಷ್ಟೊತ್ತ ಎಲ್ಲಿದ್ರಿ. ಎರಡ ಸಲ ಕೈ ಆಡಸೂದ್ರಾಗ ಹೋತು."

ಅಟೆಂಡರ್ ಹಾಳು ಮಾಡಿದ ಎಂದರೆ ಸಾಕಿತ್ತು, ಎಲ್ಲರೂ ನಂಬುತ್ತಿದ್ದರು. ಪ್ರಬಂಧ ಹಾಗೆಯೇ ಉಳಿಯುತ್ತಿತ್ತು, ಹೋಗುವುದಿದ್ದರೆ ಮಡಿವಾಳಪ್ಪನ ನೌಕರಿ. ಆ ವಿಚಾರ ತನ್ನ ತಲೆಗೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೆ ಇನ್ನಷ್ಟು ಗಾಬರಿಯಾಯಿತು.

ಎಲ್ಲಕ್ಕಿಂತ ಚೆಂದ ಬಂದಿದೆಯೆಂದು, ಪರೀಕ್ಷಕರಿಗೆ ತೋರಿಸಲು ಚೀಲದಲ್ಲಿಟ್ಟುಕೊಂಡಿದ್ದ ಬಿಲ್ಲೆಯೊಂದನ್ನು ಹೊರತೆಗೆದಳು. ಕಪ್ಪಗೆ, ಕಲೆಯಿಲ್ಲದೆ ಇತ್ತು.

"ಇದನ್ನೂ ತಿಕ್ಕ್ರಿ ಕಾಕಾ. ನಾ ನೋಡ್ತೇನಿ."

ಮಡಿವಾಳಪ್ಪ ಅವಳ ಮುಖ ನೋಡಿದ. ನಳ ಬಿಟ್ಟು ನಾರಿಗೆ ಬೂದಿ ಮೆತ್ತಿಕೊಂಡ. ಸೌಮ್ಯಾ ಪಕ್ಕದಲ್ಲಿ ಬಂದು ನಿಂತಳು. ನಾರು ಒಂದು ಸುತ್ತು ಬರುವಷ್ಟರಲ್ಲಿ ಬಿಳಿ ಸಿಂಕಿನಲ್ಲಿ ಕರಿ ನೀರು ಸಣ್ಣಗೆ ಹರಿಯತೊಡಗಿತು.