ಮೂರು ಗ್ರಾಂ ಹೆಚ್ಚು

೨೦೨೪ರ ಮಾರ್ಚ್ ೯, ಶನಿವಾರ, ಬೆಳಗ್ಗೆ ಒಂಬತ್ತು ನಲವತ್ತು. ಮನೆಯ ಮುಂಭಾಗದ ಅಂಗಡಿಯಲ್ಲಿ ಮಗಳು ಗಡಿಯಾರದಂಥ ಮುಳ್ಳಿನ ತಕ್ಕಡಿಯ ಬೆನ್ನಿನ ಮೂರನೆಯ ತಿರುಪನ್ನು ಬಿಚ್ಚುತ್ತಿದ್ದಳು. ನಡುಬಾಗಿಲಿನ ಆಚೆ, ಹಜಾರದಲ್ಲಿ, ಅವಳ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ನಲವತ್ತೊಂದು ವರ್ಷ ಇದೇ ಮೇಜಿನ ಮುಂದೆ ಕೂತು ಊರಿನ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿದವರು. ಸ್ಮಶಾನದ ಗಾಡಿ ಬರುವುದು ಹನ್ನೊಂದಕ್ಕೆ.

“ಏನೇ ಇದು, ಇವತ್ತು?” ಚಿಕ್ಕಪ್ಪ ಬಾಗಿಲಲ್ಲೇ ನಿಂತರು.

“ಅಪ್ಪ ಹೊರಡೋದ್ರೊಳಗೆ ಸರಿಯಾಗ್ಬೇಕು ಚಿಕ್ಕಪ್ಪ. ಹಲ್ಲುಪಟ್ಟಿ ನಾನೇ ಮಾಡಿದೀನಿ. ಎರಡು ತಿಂಗಳು, ಕದ್ದುಮುಚ್ಚಿ. ಮುಂದಿನ ವಾರ ಅವರ ಹುಟ್ಟುಹಬ್ಬಕ್ಕೆ ತೋರಿಸೋಣ ಅಂತಿದ್ದೆ.”

ಅವಳ ಅಂಗೈಯಲ್ಲಿ ಬೆರಳುದ್ದದ ಹಿತ್ತಾಳೆ ಪಟ್ಟಿ. ಅರದಿಂದ ಒಂದೊಂದಾಗಿ ಉಜ್ಜಿದ ಅರವತ್ತನಾಲ್ಕು ಹಲ್ಲು. ಅದೇ ಕಸುಬಿನ ಚಿಕ್ಕಪ್ಪನ ಕಣ್ಣರಳಿತು.

“ಅಣ್ಣನ ಕೈಲೇ ಆಗ್ಲಿಲ್ವಲ್ಲೇ! ತಡಿ, ಟಾರ್ಚ್ ನಾನು ಹಿಡೀತೀನಿ.”

*

ಅವಳಿಗಾಗ ಹನ್ನೊಂದು ವರ್ಷ. ಬೀದಿಯವರೆಲ್ಲ ಬಂದು ಪುಕ್ಕಟೆ ತೂಗಿಕೊಂಡು ಹೋಗುತ್ತಿದ್ದ ಅಪ್ಪನ ಸ್ವಂತ ತಕ್ಕಡಿಯಲ್ಲಿ ಬೆಕ್ಕಿನ ಮರಿಯನ್ನು ಕೂರಿಸಲು ಹೋಗಿ ತಕ್ಕಡಿಯನ್ನೇ ಕೆಡವಿದ್ದಳು. ಒಳಗಿನ ಪಟ್ಟಿಯ ಮೊದಲ ಹಲ್ಲು ಬಾಗಿತು. ಅಂದಿನಿಂದ, ತಟ್ಟೆ ಖಾಲಿಯಿದ್ದರೆ ಮುಳ್ಳು ಸೊನ್ನೆಯಲ್ಲೇ ಇರುತ್ತಿತ್ತು; ಏನಾದರೂ ಇಟ್ಟರೆ ಆ ಹಲ್ಲಿನ ಬಳಿ ಒಮ್ಮೆ ಜಿಗಿದು, ಎಷ್ಟೇ ತೂಕವಿರಲಿ, ಮೂರು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಆ ಮಾದರಿಯ ಬಿಡಿಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ.

ಅಪ್ಪ ಬೈಯಲಿಲ್ಲ. ಆರು ವರ್ಷ, ಭಾನುವಾರ ಬಂದರೆ ಬಿಚ್ಚುವುದು, ಜೋಡಿಸುವುದು. ಒಂದು ಭಾನುವಾರ ಬಿಚ್ಚಲೇ ಇಲ್ಲ. ಗಾಜಿನ ಮೇಲೆ ‘ಮೂರು ಕಳೆಯಿರಿ’ ಎಂಬ ಚೀಟಿ ಅಂಟಿಸಿ, ಅವಳನ್ನು ಕರೆದುಕೊಂಡು ಈಜಲು ಹೋದರು. ನೀರಿನಲ್ಲಿ ಸಿಳ್ಳೆ ಹಾಕಿದರು. ಅವಳಿಗೆ ಮಾತ್ರ ಆ ಚೀಟಿ ಕಂಡಾಗಲೆಲ್ಲ ತನ್ನನ್ನೇ ಬೊಟ್ಟು ಮಾಡಿ ತೋರಿಸಿದಂತಾಗುತ್ತಿತ್ತು.

*

ಹತ್ತು ಇಪ್ಪತ್ತಕ್ಕೆ ಅಂಗಡಿ ತುಂಬಿತ್ತು. ಹಜಾರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರೂ ಒಬ್ಬೊಬ್ಬರಾಗಿ ಎದ್ದು ಬಂದಿದ್ದರು. ಎದುರು ಬೇಕರಿಯವರು ಸ್ಟೂಲನ್ನೇ ಹತ್ತಿದ್ದರು.

“ನೂರು ಗ್ರಾಂ ತೂಕದ ಬಟ್ಟು ಇಡಮ್ಮ!”

ಇಟ್ಟಳು. ಮುಳ್ಳು ಜಿಗಿಯದೆ ನಯವಾಗಿ ಏರಿ, ನೂರರ ಮೇಲೆ ನಿಂತಿತು.

“ಬಂತು!” ಇಡೀ ಅಂಗಡಿ ಕೂಗಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. “ಏನ್ ಬಂತೇ? ಗಾಡೀನಾ?”

“ನೂರು ಬಂತಮ್ಮಾ!”

ಮಗಳು ಬಟ್ಟನ್ನು ಎತ್ತಿ ಮತ್ತೆ ಇಟ್ಟಳು. ನೂರಾ ನಾಲ್ಕು. ಮತ್ತೆ ಇಟ್ಟಳು. ತೊಂಬತ್ತೆಂಟು. ಮತ್ತೆ. ನೂರಾ ಏಳು.

ಚಿಕ್ಕಪ್ಪ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು.

“ನಿನ್ನ ಪಟ್ಟಿ ಕರಾರುವಾಕ್ಕಾಗಿದೆ, ಮಗಳೇ. ಆದ್ರೆ ಇಪ್ಪತ್ತೆರಡು ವರ್ಷ ಈ ಚಕ್ರಗಳು ಸೊಟ್ಟ ಹಲ್ಲಿನ ಜೊತೆ ಸಂಸಾರ ಮಾಡಿ ಸವೆದಿವೆ. ನೆಟ್ಟಗಿರೋದು ಇನ್ನು ಇವಕ್ಕೆ ಒಗ್ಗಲ್ಲ.”

“ಚಕ್ರಾನೂ ಮಾಡ್ತೀನಿ.”

“ಮಾಡು. ಆಮೇಲೆ ಅಕ್ಷ, ಆಮೇಲೆ ಮುಳ್ಳು. ಕೊನೆಗೆ ಇಲ್ಲಿ ಇರೋದು ಬೇರೆ ತಕ್ಕಡಿ. ನಿಮ್ಮಪ್ಪಂದಲ್ಲ.”

ಬೇಕರಿಯವರು ಸ್ಟೂಲಿನಿಂದಿಳಿದು ಮೆಲ್ಲಗೆ ಹೇಳಿದರು: “ಹಳೇದನ್ನೇ ಹಾಕಮ್ಮ. ಅದು ಸುಳ್ಳು ಹೇಳಿದ್ರೂ ದಿನಾ ಒಂದೇ ಸುಳ್ಳು ಹೇಳ್ತಿತ್ತು.”

ಮೊದಲು ನಕ್ಕಿದ್ದು ಅಮ್ಮ.

ಹೊರಗೆ ಗಾಡಿಯ ಹಾರನ್ ಕೇಳಿಸಿತು. ಮಗಳ ಬೆರಳುಗಳು ಓಡತೊಡಗಿದವು. ಹೊಸ ಪಟ್ಟಿ ಹೊರಬಂತು, ಹಳೆಯದು ಕೂತಿತು, ತಿರುಪುಗಳು ಬಿಗಿಯಾದವು. ಬಟ್ಟು ಇಟ್ಟಳು.

“ನೂರಾ ಮೂರು!”

ಎತ್ತಿ ಇಟ್ಟಳು. “ನೂರಾ ಮೂರು!” ಮೂರನೆಯ ಸಲ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಅವಳೇ.

“ಅಯ್ಯೋ, ಇದನ್ನ ಮರ್ತಿದ್ವಲ್ಲೇ.” ಅಮ್ಮನ ಕೈಯಲ್ಲಿ ಅಪ್ಪನ ಕನ್ನಡಕ. “ಹಾಕು ಹೋಗು. ಇದಿಲ್ದೆ ಅವರಿಗೆ ಎದುರಿನ ಗೋಡೇನೂ ಕಾಣಲ್ಲ.”

ಅವಳು ಅದರ ಗಾಜನ್ನು ಒರೆಸಿದಳು. ಹಜಾರಕ್ಕೆ ಹೋಗುವ ಮೊದಲು, ಯಾಕೋ, ತಟ್ಟೆಯ ಮೇಲೆ ಇಟ್ಟಳು. ಮುಳ್ಳು ಸೊಟ್ಟ ಹಲ್ಲಿನ ಬಳಿ ಒಮ್ಮೆ ಜಿಗಿದು ಮೂವತ್ತೊಂದರಲ್ಲಿ ನಿಂತಿತು. ಈ ಸಲ ಯಾರೂ ಕೂಗಲಿಲ್ಲ. ಎಲ್ಲರ ತುಟಿಗಳೂ ಒಂದೇ ಲೆಕ್ಕ ಮಾಡುತ್ತಿದ್ದವು.

ಕನ್ನಡಕದ ತೂಕ ಇಪ್ಪತ್ತೆಂಟು ಗ್ರಾಂ.